ಯಂತ್ರದ ಓದು ಮತ್ತು ಪ್ರಮಾಣವಿಚಾರ

ಓದಿದವನು ತಿಳಿದವನೆಂದು ಲೋಕ ಹೇಳುತ್ತದೆ. ಓದಿದುದೆಲ್ಲ ತಿಳಿವಲ್ಲವೆಂದು ಅದೇ ಲೋಕ ಎಚ್ಚರಿಸುತ್ತದೆ. ಈ ಎರಡು ಮಾತುಗಳ ನಡುವಣ ಅಂತರವು ಗಣಕಯಂತ್ರದ ವಿಚಾರದಲ್ಲಿ ಈಗ ಒಂದು ಶಾಸ್ತ್ರೀಯ ಪ್ರಶ್ನೆಯಾಗಿ ಪರಿಣಮಿಸಿದೆ. ಅಂತರ್ಜಾಲದಲ್ಲಿ ಹರಡಿರುವ ಕೋಟ್ಯಂತರ ಪುಟಗಳನ್ನು ಯಂತ್ರವು ತಾನೇ ಓದಬೇಕು, ಓದಿದುದರಿಂದ ಲೋಕಜ್ಞಾನವನ್ನು ತಾನೇ ಸಂಪಾದಿಸಿಕೊಳ್ಳಬೇಕು ಎಂಬುದು ಇಂದು ಬರಿಯ ಹವಣಿಕೆಯಾಗಿ ಉಳಿದಿಲ್ಲ. ಅಂಥ ಯಂತ್ರಗಳೊಡನೆ ಜನ ದಿನನಿತ್ಯವೂ ಮಾತನಾಡುತ್ತಿದ್ದಾರೆ. ಹೀಗಿರುವಾಗ ಯಂತ್ರವು ಯಾರ ಮಾತನ್ನು ಯಾವ ಕಾರಣದಿಂದ ನಂಬುತ್ತದೆ ಎಂಬುದನ್ನು ಪರೀಕ್ಷಿಸುವುದು ಎಂಜಿನಿಯರುಗಳಿಗೆ ಮಾತ್ರ ಬಿಟ್ಟ ಕೆಲಸವಲ್ಲ. ಗುಜರಾತಿನ ಕನ್ನಡಿಗರಿಗಂತೂ ಅದು ಹತ್ತಿರದ ವಿಷಯ. ಕನ್ನಡನಾಡಿನ ಚರಿತ್ರೆಯ ಒಂದು ಮುಖ್ಯ ಸಂಗತಿಯ ಕಾಲನಿರ್ಣಯಕ್ಕೆ ಆಧಾರವಾದುದು ಸೂರತ್ತಿನ ಹೆಸರು ಹೊತ್ತ ತಾಮ್ರಪಟ. ಗ್ರಂಥಪಾಠಗಳ ಸಾಕ್ಷ್ಯವನ್ನು ತೂಗಿ ನೋಡುವ ಕೆಲಸ ಈ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದ ಎಡೆಗಳಲ್ಲಿ ವಡೋದರವೂ ಒಂದು.

ಈ ಮಾರ್ಗದಲ್ಲಿ ಮೊದಮೊದಲು ಹೆಸರು ಪಡೆದ ಪ್ರಯತ್ನಗಳಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ್ದು ಮುಖ್ಯವಾದುದು. ಟಾಮ್ ಮಿಚೆಲ್ ಮತ್ತು ಅವರ ಸಂಗಡಿಗರು 2010ರ ಜನವರಿಯಲ್ಲಿ ಓಡಿಸತೊಡಗಿದ ‘ನೆಲ್’ ಎಂಬ ಯಂತ್ರವ್ಯವಸ್ಥೆಯ ಪೂರ್ಣನಾಮಕ್ಕೆ ‘ಕಲಿಕೆಯನ್ನು ಎಂದೂ ಮುಗಿಸದ ಭಾಷಾವಿದ್ಯಾರ್ಥಿ’ ಎಂದು ಅರ್ಥ ಹೇಳಬಹುದು. ನಗರ, ನದಿ, ಸಂಸ್ಥೆ, ಆಟಗಾರ ಮುಂತಾದ ವರ್ಗಗಳನ್ನೂ ಅವುಗಳ ನಡುವಣ ಸಂಬಂಧಗಳನ್ನೂ ಮೊದಲೇ ಹೇಳಿಕೊಟ್ಟು, ಒಂದೊಂದಕ್ಕೂ ಹತ್ತು ಹದಿನೈದು ಉದಾಹರಣೆಗಳನ್ನು ಬಿತ್ತನೆಯ ಬೀಜದಂತೆ ಒದಗಿಸಿ, ಸುಮಾರು ಐವತ್ತು ಕೋಟಿ ಇಂಗ್ಲಿಷ್ ಪುಟಗಳ ಮುಂದೆ ಅದನ್ನು ಬಿಡಲಾಯಿತು. ನಗರಗಳ ಹೆಸರು ಯಾವ ಯಾವ ಪದಗಳ ನೆರೆಯಲ್ಲಿ ಬರುತ್ತವೆಂದು ಗಮನಿಸುವುದು. ಅದೇ ನೆರೆಯಲ್ಲಿ ಬರುವ ಹೊಸ ಹೆಸರುಗಳನ್ನೂ ನಗರಗಳೆಂದು ಎಣಿಸುವುದು. ಹಾಗೆ ದೊರೆತ ಹೊಸ ನಗರಗಳಿಂದ ಇನ್ನಷ್ಟು ನೆರೆಗಳನ್ನು ಕಲಿಯುವುದು: ಇದು ಅದರ ಕ್ರಮ. ಮೊದಲ 67 ದಿನಗಳಲ್ಲಿ ಅದು 2,42,000ಕ್ಕೂ ಮಿಕ್ಕ ಸಂಗತಿಗಳನ್ನು ಸಂಗ್ರಹಿಸಿತು. ಅವುಗಳಲ್ಲಿ ನೂರಕ್ಕೆ 74 ಸರಿಯಿರಬಹುದೆಂದು ನಿರ್ಮಾಪಕರೇ ಅಂದಾಜು ಮಾಡಿದರು. 2018ರ ಹೊತ್ತಿಗೆ ಸಂಗ್ರಹವು 12 ಕೋಟಿಯನ್ನು ಮುಟ್ಟಿತ್ತು. ಈ ಸಂಗತಿಗಳನ್ನು ಅವರು ‘ಜ್ಞಾನ’ವೆನ್ನದೆ ‘ನಂಬಿಕೆ’ಗಳೆಂದು ಕರೆದುದು ಮೆಚ್ಚತಕ್ಕ ಸಂಯಮ. ಒಂದೊಂದು ನಂಬಿಕೆಯ ಬದಿಗೂ ಅದು ಎಲ್ಲಿಂದ ಬಂತು, ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಬರೆದಿಡುವ ಏರ್ಪಾಡೂ ಅದರಲ್ಲಿತ್ತು. ಈ ಗುಣವನ್ನು ಮುಂದೆ ನೆನೆಯಬೇಕಾಗುತ್ತದೆ.

ನೆಲ್ ಮಾಡಿದ ತಪ್ಪುಗಳಲ್ಲಿ ಒಂದು ಪ್ರಸಿದ್ಧವಾಯಿತು. ಇಂಗ್ಲಿಷಿನಲ್ಲಿ ‘ಕುಕಿ’ ಎಂದರೆ ಒಲೆಯಲ್ಲಿ ಬೇಯಿಸಿದ ಬಿಸ್ಕತ್ತಿನಂಥ ತಿನಿಸು. ಗಣಕದವರ ಮಾತಿನಲ್ಲಿ ಅದೇ ಪದ, ಜಾಲತಾಣವು ಓದುಗನ ಯಂತ್ರದಲ್ಲಿ ಬಿಟ್ಟುಹೋಗುವ ಸಣ್ಣ ಗುರುತಿನ ಕಡತ. ಯಂತ್ರವು ಎರಡನೆಯದನ್ನೂ ತಿನಿಸೆಂದೇ ಬಗೆಯಿತು. ಜನರು ಕುಕಿಗಳನ್ನು ‘ಅಳಿಸಿದೆ’ ಎಂದು ಬರೆದುದನ್ನು ಕಂಡು, ಅಳಿಸತಕ್ಕ ಇತರ ಕಡತಗಳನ್ನೂ ತಿನಿಸುಗಳ ಸಾಲಿಗೆ ಸೇರಿಸಿತು. ಪತ್ರಿಕೆಗಳು ಇದನ್ನು ವಿನೋದವಾಗಿ ಬರೆದವು. ವಿಮರ್ಶಕನಿಗೆ ಇಲ್ಲಿ ಕಾಣತಕ್ಕದ್ದು ತಪ್ಪಲ್ಲ, ತಪ್ಪಿನ ವಂಶವೃದ್ಧಿ. ತಾನು ನಂಬಿದುದನ್ನೇ ಮುಂದಿನ ಓದಿಗೆ ಮೆಟ್ಟಿಲಾಗಿ ಮಾಡಿಕೊಳ್ಳುವವನಿಗೆ ಮೊದಲ ಮೆಟ್ಟಿಲು ಜಾರಿದರೆ ಮೇಲಿನವೆಲ್ಲ ಜಾರುತ್ತವೆ. ಇದನ್ನು ತಡೆಯಲೆಂದೇ ನೆಲ್‌ನಲ್ಲಿ ಹಲವು ಬಗೆಯ ಓದುಗರನ್ನು ಒಟ್ಟಿಗೆ ಹೂಡಿ, ಒಬ್ಬನ ತೀರ್ಮಾನವನ್ನು ಇನ್ನೊಬ್ಬನ ತೀರ್ಮಾನದಿಂದ ಪರೀಕ್ಷಿಸುವ ವ್ಯವಸ್ಥೆ ಮಾಡಿದ್ದರು. ನಗರವಾದುದು ಮನುಷ್ಯನಾಗಲಾರದೆಂಬಂಥ ಕಟ್ಟುಗಳನ್ನೂ ವಿಧಿಸಿದ್ದರು. ಒಳ್ಳೆಯ ಉಪಾಯವೇ. ಆದರೂ ಅಂತಿಮವಾಗಿ ಯಂತ್ರದ ವಿಶ್ವಾಸ ನಿಂತುದು ಆವೃತ್ತಿಯ ಮೇಲೆ. ಹಲವೆಡೆ ಕಂಡುದು ನಿಜ, ಒಂದೆಡೆ ಕಂಡುದು ಸಂಶಯಾಸ್ಪದ.

ಪ್ರಶ್ನೆ ಇರುವುದು ಇಲ್ಲಿಯೇ. ವಡೋದರದ ಪ್ರಾಚ್ಯವಿದ್ಯಾಮಂದಿರದಿಂದ 1960ರಿಂದ 1975ರವರೆಗೆ ಏಳು ಕಾಂಡಗಳಲ್ಲಿ ಹೊರಬಂದ ವಾಲ್ಮೀಕಿ ರಾಮಾಯಣದ ಪರಿಷ್ಕೃತ ಆವೃತ್ತಿಯ ಹಿಂದೆ ಇದ್ದುದೂ ಇದೇ ಪ್ರಶ್ನೆ. ನಾನಾ ಪ್ರಾಂತಗಳ, ನಾನಾ ಲಿಪಿಗಳ ಹಸ್ತಪ್ರತಿಗಳನ್ನು ಸಂಪಾದಕರು ಎದುರಿಗಿಟ್ಟುಕೊಂಡಿದ್ದರು. ಒಂದು ಶ್ಲೋಕ ಹೆಚ್ಚು ಪ್ರತಿಗಳಲ್ಲಿದೆಯೆಂಬ ಮಾತ್ರಕ್ಕೆ ಅದು ಮೂಲದ್ದೆಂದು ಒಪ್ಪುವಂತಿರಲಿಲ್ಲ. ಒಂದೇ ಮಾತೃಕೆಯಿಂದ ನಕಲಾದ ನೂರು ಪ್ರತಿಗಳಿದ್ದರೂ ಅವುಗಳ ಸಾಕ್ಷ್ಯ ಒಂದೇ. ಬೇರೊಂದು ಪರಂಪರೆಯಲ್ಲಿ ಉಳಿದು ಬಂದ ಎರಡೇ ಪ್ರತಿಗಳು ಆ ನೂರಕ್ಕೆ ಸಮನಾಗಬಲ್ಲುವು, ಕೆಲವೆಡೆ ಮಿಗಿಲೂ ಆಗಬಲ್ಲುವು. ಆದುದರಿಂದ ಪ್ರತಿಗಳ ಸಂಖ್ಯೆಗಿಂತ ಅವುಗಳ ವಂಶವನ್ನು ಅರಿಯುವುದು ಸಂಪಾದಕನ ಮೊದಲ ಕರ್ತವ್ಯ. ಅಂತರ್ಜಾಲದ ಪುಟಗಳ ಸ್ಥಿತಿ ಓಲೆಗರಿಗಳ ಸ್ಥಿತಿಗಿಂತ ಶೋಚನೀಯ. ಸುದ್ದಿಸಂಸ್ಥೆಯೊಂದರ ವರದಿಯನ್ನು ಐನೂರು ತಾಣಗಳು ಎತ್ತಿಕೊಳ್ಳುತ್ತವೆ. ವಿಕಿಪೀಡಿಯದ ಒಂದು ವಾಕ್ಯವನ್ನು ಸಾವಿರ ಪುಟಗಳು ನಕಲು ಮಾಡುತ್ತವೆ. ಅಕ್ಷರಶಃ ಒಂದೇ ಆಗಿರುವ ಪುಟಗಳನ್ನು ಗುರುತಿಸಿ ತೆಗೆದುಹಾಕುವ ವಿದ್ಯೆ ಯಂತ್ರನಿರ್ಮಾಪಕರಿಗೆ ಚೆನ್ನಾಗಿ ತಿಳಿದಿದೆ. ಆದರೆ ಮಾತನ್ನು ಸ್ವಲ್ಪ ತಿರುವಿ ಬರೆದ ನಕಲು, ನಕಲಿನ ನಕಲು, ಅನುವಾದವಾಗಿ ಬಂದ ನಕಲು, ಇವೆಲ್ಲ ಒಂದೇ ಬಾಯಿಯ ಮಾತೆಂದು ತಿಳಿಯುವುದಕ್ಕೆ ವಂಶವೃಕ್ಷ ಬೇಕು. ವಡೋದರದ ಪಂಡಿತರು ಕಾಲು ಶತಮಾನಕ್ಕೂ ಸಮೀಪದ ಶ್ರಮದಿಂದ ಒಂದು ಗ್ರಂಥಕ್ಕೆ ಮಾಡಿದುದನ್ನು ಯಂತ್ರವು ಕೋಟಿ ಪುಟಗಳಿಗೆ ಮಾಡಬೇಕಾಗಿದೆ, ಇದುವರೆಗೆ ಮಾಡಿಲ್ಲ.

ಆವೃತ್ತಿಯನ್ನೇ ನಂಬುವವನು ಕಳೆದುಕೊಳ್ಳುವುದೇನು ಎಂಬುದಕ್ಕೆ ಲಾಟದೇಶದ ರಾಷ್ಟ್ರಕೂಟರಿಗಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಮಾನ್ಯಖೇಟದ ಮೂರನೆಯ ಗೋವಿಂದನು ಲಾಟವನ್ನು, ಅಂದರೆ ಇಂದಿನ ಭರೂಚ್, ಸೂರತ್, ನವಸಾರಿ, ವಡೋದರಗಳ ಸೀಮೆಯನ್ನು, ತನ್ನ ತಮ್ಮ ಇಂದ್ರನಿಗೆ ವಹಿಸಿದ್ದನು. ಇಂದ್ರನ ಮಗನೇ ಸುವರ್ಣವರ್ಷನೆಂಬ ಬಿರುದಿನ ಕರ್ಕ. ಗೋವಿಂದನ ಅನಂತರ ಪಟ್ಟಕ್ಕೆ ಬಂದ ಅಮೋಘವರ್ಷನು ಎಳೆಯವನಾಗಿದ್ದಾಗ ಸಾಮಂತರು ದಂಗೆಯೆದ್ದರೆಂದೂ, ಕರ್ಕನು ಅವರನ್ನು ಅಡಗಿಸಿ ಬಾಲರಾಜನನ್ನು ಮತ್ತೆ ಸಿಂಹಾಸನದಲ್ಲಿ ನಿಲ್ಲಿಸಿದನೆಂದೂ ಚರಿತ್ರಕಾರರು ಹೇಳುತ್ತಾರೆ. ಆ ಅಮೋಘವರ್ಷನ ಆಸ್ಥಾನದಲ್ಲಿಯೇ ಕವಿರಾಜಮಾರ್ಗ ಹುಟ್ಟಿತೆಂಬುದನ್ನು ನೆನೆದರೆ ಈ ಸಂಗತಿಯ ಬೆಲೆ ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ದಂಗೆ ನಡೆದುದು ಯಾವಾಗ? ಶಕ 738ರ, ಅಂದರೆ ಕ್ರಿ. ಶ. 816ರ, ನವಸಾರಿಯ ತಾಮ್ರಶಾಸನ ಕರ್ಕನದೇ; ಅದರಲ್ಲಿ ದಂಗೆಯ ಮಾತಿಲ್ಲ. ಶಕ 743ರ, ಅಂದರೆ 821ರ, ಸೂರತ್ ಶಾಸನವೂ ಕರ್ಕನದೇ. ಅದರಲ್ಲಿ ಆ ಮಾತಿದೆ. ಇಷ್ಟು ದೊಡ್ಡ ಸಾಹಸವನ್ನು ಮಾಡಿದವನು ತನ್ನ ದಾನಪತ್ರದಲ್ಲಿ ಅದನ್ನು ಹೇಳಿಕೊಳ್ಳದೆ ಬಿಡುವನೇ? ಆದುದರಿಂದ ದಂಗೆ ಈ ಎರಡು ವರ್ಷಗಳ ನಡುವೆ ನಡೆದು ಅಡಗಿರಬೇಕೆಂದು ಅ. ಸ. ಅಳತೇಕರರಂಥ ವಿದ್ವಾಂಸರು ನಿರ್ಣಯಿಸಿದರು.

ಈ ನಿರ್ಣಯದಲ್ಲಿ ಸೂರತ್ತಿನ ಮಾತಿಗೆ ಎಷ್ಟು ಬೆಲೆಯೋ ನವಸಾರಿಯ ಮೌನಕ್ಕೂ ಅಷ್ಟೇ ಬೆಲೆ. ಮೌನವು ಸಾಕ್ಷ್ಯವಾಗುವುದು, ಮಾತು ಬರಬೇಕಾಗಿದ್ದ ಸ್ಥಳ ಯಾವುದೆಂದು ಬಲ್ಲವನಿಗೆ ಮಾತ್ರ. ದಾನಶಾಸನವೆಂದರೇನು, ಅದರಲ್ಲಿ ವಂಶಪ್ರಶಸ್ತಿ ಎಲ್ಲಿ ಬರುತ್ತದೆ, ಮಾಂಡಲಿಕನಾದವನು ಯಾವುದನ್ನು ಕೊಚ್ಚಿಕೊಳ್ಳುತ್ತಾನೆ ಎಂಬ ತಿಳಿವಳಿಕೆ ಇಲ್ಲದವನಿಗೆ ನವಸಾರಿಯ ಪಟ ಇನ್ನೊಂದು ಪಟ, ಅಷ್ಟೆ. ಪುಟದಲ್ಲಿ ಇದ್ದುದನ್ನು ಕೂಡಿಸುತ್ತ ಹೋಗುವ ಯಂತ್ರವು ಇಲ್ಲದುದನ್ನು ಎಣಿಸುವುದಿಲ್ಲ. ಅದರ ಲೆಕ್ಕದಲ್ಲಿ ಸೂರತ್ತಿನ ಪಟವು ಒಂದೇ ಒಂದು ಸಲ ಕಂಡ ಮಾತು, ಅದಕ್ಕೆ ದುರ್ಬಲವಾದುದು.

ಹೆಸರುಗಳ ತೊಡಕು ಬೇರೆ. ಲಾಟದ ಶಾಖೆಯಲ್ಲಿ ಗೋವಿಂದ, ಧ್ರುವ, ಕೃಷ್ಣ ಎಂಬ ಹೆಸರುಗಳು ಮರಳಿ ಮರಳಿ ಬರುತ್ತವೆ. ಅವೇ ಹೆಸರುಗಳು ಮಾನ್ಯಖೇಟದಲ್ಲಿಯೂ ಇವೆ. ಅಕಾಲವರ್ಷನೆಂಬ ಬಿರುದನ್ನು ಎರಡು ಕಡೆಯವರೂ ಹೊತ್ತಿದ್ದಾರೆ. ಬಾದಾಮಿಯ ಪುಲಕೇಶಿಗಳಲ್ಲದೆ ಅರಬರನ್ನು ಹಿಮ್ಮೆಟ್ಟಿಸಿದ ನವಸಾರಿಯ ಪುಲಕೇಶಿ ಬೇರೊಬ್ಬನಿದ್ದಾನೆ. ಕಲ್ಯಾಣದಲ್ಲಿಯೂ ಒಬ್ಬ ಜಯಸಿಂಹ, ಅಣಹಿಲಪಾಟಣದಲ್ಲಿಯೂ ಒಬ್ಬ ಸಿದ್ಧರಾಜ ಜಯಸಿಂಹ. ಮೊದಲನೆಯವನು ಚಾಲುಕ್ಯ, ಎರಡನೆಯವನು ಚೌಲುಕ್ಯ. ಎರಡನೆಯವನ ತಾಯಿ ಮೀನಳದೇವಿಯಾದರೋ ಕದಂಬ ಜಯಕೇಶಿಯ ಮಗಳು. ಆಕೆಯ ಗಂಡ ಕರ್ಣನ ಆಸ್ಥಾನವನ್ನು ಕಂಡ ಬಿಲ್ಹಣನೇ ಮುಂದೆ ಕಲ್ಯಾಣಕ್ಕೆ ಬಂದು ವಿಕ್ರಮಾದಿತ್ಯನ ಚರಿತೆಯನ್ನು ಬರೆದವನು. ಕರ್ಣ, ಕರ್ಣಾವತಿ, ಕರ್ಣಾಟ ಎಂಬ ಮೂರನ್ನು ಒಂದೇ ಪುಟದಲ್ಲಿ ಕಂಡ ಯಂತ್ರ ಏನೆಂದು ತಿಳಿದೀತು! ಮನುಷ್ಯನೂ ಇಲ್ಲಿ ಎಡವದೆ ಇಲ್ಲ. ಆದರೆ ಎಡವಿದವನನ್ನು ತಿದ್ದುವುದಕ್ಕೆ ಶಕವರ್ಷವಿದೆ, ದಾನಕೊಟ್ಟ ಗ್ರಾಮದ ಎಲ್ಲೆಯಿದೆ, ಲಿಪಿಯ ಓರಣವಿದೆ.

ಕನ್ನಡದಲ್ಲಿ ಓದುವಾಗ ತೊಡಕು ಇಮ್ಮಡಿಯಾಗುತ್ತದೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಬಹುಮಟ್ಟಿಗೆ ಒಂಟಿಯಾಗಿ ನಿಲ್ಲುತ್ತದೆ. ಅದರ ನೆರೆಯ ಪದಗಳನ್ನು ಬೇರೆಯಾಗಿ ಎಣಿಸಬಹುದು. ಕನ್ನಡದಲ್ಲಿ ನೆರೆಯೂ ಹೆಸರೂ ಒಂದೇ ಪದವಾಗಿ ಬೆಸೆದುಕೊಳ್ಳುತ್ತವೆ. ಸೂರತ್ತಿನಿಂದ, ಸೂರತ್ತಿನವರಿಗೂ, ಸೂರತ್ತಿನಲ್ಲಿದ್ದಾಗಲೆಲ್ಲ ಎಂಬಲ್ಲಿ ಊರು ಎಲ್ಲಿ ಮುಗಿದು ವ್ಯಾಕರಣ ಎಲ್ಲಿ ಮೊದಲಾಯಿತೆಂದು ಬಿಡಿಸಬೇಕು. ಬರಹದ ಭೇದಗಳೂ ಇವೆ: ವಡೋದರ, ವಡೋದರಾ, ಬರೋಡ, ಬಡೋದೆ, ಅಹಮದಾಬಾದು, ಅಹಮದಾಬಾದ್, ಅಮದಾವಾದ. ಕನ್ನಡಿಗನ ಕಣ್ಣಿಗೆ ಮೂರು ಊರುಗಳಾಗಿರುವಲ್ಲಿ ಎಣಿಕೆಯ ಯಂತ್ರಕ್ಕೆ ಹನ್ನೆರಡು ಊರುಗಳು ಕಂಡರೆ, ಒಂದೊಂದರ ಸಾಕ್ಷ್ಯವೂ ಹಂಚಿಹೋಗಿ ತೆಳುವಾಗುತ್ತದೆ.

ಕಾಲದ ವಿಚಾರವನ್ನು ಒಂದು ಹತ್ತಿರದ ಉದಾಹರಣೆಯಿಂದ ನೋಡಬಹುದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, 1908ರಲ್ಲಿ ವಡೋದರದಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಈ ವಿಲೀನ ಹಲವು ಕನ್ನಡ ಕುಟುಂಬಗಳ ಮನೆಮಾತಾಗಿತ್ತು. ವಿಜಯಾ ಬ್ಯಾಂಕಿನ ಶಾಖೆ ಇಂಥಲ್ಲಿದೆ, ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ ಎಂದು ವರ್ತಮಾನಕಾಲದಲ್ಲಿ ಬರೆದ ಹಳೆಯ ಪುಟಗಳಿಗೆ ಮಾತ್ರ ಆ ಸುದ್ದಿ ತಿಳಿಯಲಿಲ್ಲ. ಅವು ಇಂದಿಗೂ ‘ಇದೆ’ ಎಂದೇ ಹೇಳುತ್ತಿರುತ್ತವೆ. ಆವೃತ್ತಿಯಿಂದ ತೀರ್ಮಾನಿಸುವ ಓದುಗನಿಗೆ ಎಂಬತ್ತೆಂಟು ವರ್ಷಗಳ ‘ಇದೆ’ ಒಂದು ದಿನದ ‘ಇಲ್ಲ’ವನ್ನು ಮುಳುಗಿಸಿಬಿಡುತ್ತದೆ.

ಇದುವರೆಗೆ ಹೇಳಿದುದು ಹೆಚ್ಚು ಸಲ ಕಂಡುದನ್ನು ನಂಬುವ ದೋಷ. ಒಂದೇ ಸಲ ಕಂಡುದನ್ನು ವಿಚಾರಿಸದೆ ನಂಬುವ ದೋಷವೂ ಯಂತ್ರಕ್ಕೆ ಉಂಟೆಂಬುದು 2021ರ ಜೂನ್ ಮೊದಲ ವಾರದಲ್ಲಿ ಕನ್ನಡಿಗರಿಗೆಲ್ಲ ತಿಳಿಯಿತು. ಭಾರತದಲ್ಲಿ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಕೇಳಿದವರಿಗೆ ಗೂಗಲ್ ಶೋಧಯಂತ್ರವು ‘ಕನ್ನಡ’ ಎಂದು ಉತ್ತರವಿತ್ತಿತು. ಭಾಷಾವಿಷಯಕ್ಕೆ ಯಾವ ಸಂಬಂಧವೂ ಇಲ್ಲದ ಒಂದು ಜಾಲತಾಣದಲ್ಲಿ ಯಾರೋ ಬರೆದಿದ್ದ ಸಾಲನ್ನು ಯಂತ್ರವು ಎತ್ತಿ ಉತ್ತರದ ಪೀಠದ ಮೇಲೆ ಇಟ್ಟಿತ್ತು. ನಾಡಿನಲ್ಲೆಲ್ಲ ಆಕ್ರೋಶವೆದ್ದಿತು, ಸರ್ಕಾರದ ಮಂತ್ರಿಗಳು ಕಾನೂನುಕ್ರಮದ ಮಾತನ್ನಾಡಿದರು, ಸಂಸ್ಥೆಯು ಆ ಉತ್ತರವನ್ನು ತೆಗೆದು ಕ್ಷಮೆ ಯಾಚಿಸಿತು. ಅಲ್ಲಿಗೆ ಪ್ರಕರಣ ಮುಗಿಯಿತೆಂದು ಎಲ್ಲರೂ ಭಾವಿಸಿದುದು ವಿಷಾದಕರ. ಕೋಪಕ್ಕೆ ಕಾರಣವಾದುದು ಉತ್ತರ. ವಿಚಾರಕ್ಕೆ ಒಳಗಾಗಬೇಕಾಗಿದ್ದುದು ಉತ್ತರಿಸಿದ ರೀತಿ. ಆ ಪ್ರಶ್ನೆಗೆ ಉತ್ತರವೆಂಬುದೇ ಇಲ್ಲ. ಇಲ್ಲವೆಂದು ಹೇಳುವುದು ಯಂತ್ರದ ಅಭ್ಯಾಸದಲ್ಲಿರಲಿಲ್ಲ. ಪ್ರಶ್ನೆಯ ಆಕಾರಕ್ಕೆ ಹೊಂದುವ ವಾಕ್ಯ ಎಲ್ಲಿಯೋ ಒಂದೆಡೆ ಸಿಕ್ಕಿದೊಡನೆ ಅದಕ್ಕೆ ತೃಪ್ತಿಯಾಯಿತು. ಕನ್ನಡದ ಬದಲು ಬೇರೊಂದು ಭಾಷೆಯ ಹೆಸರು ಅಲ್ಲಿದ್ದಿದ್ದರೆ ಬೆಂಗಳೂರಿನಲ್ಲಿ ಯಾರೂ ಅದನ್ನು ಗಮನಿಸುತ್ತಿರಲಿಲ್ಲವೆಂಬುದನ್ನೂ ಒಪ್ಪಬೇಕು.

ಶಬ್ದವನ್ನು ಪ್ರಮಾಣವೆಂದು ಅಂಗೀಕರಿಸಿದ ನೈಯಾಯಿಕರು ಎಲ್ಲ ಶಬ್ದವನ್ನೂ ಅಂಗೀಕರಿಸಲಿಲ್ಲ. ವಿಷಯವನ್ನು ಬಲ್ಲವನಾಗಿ, ಬಲ್ಲುದನ್ನು ಇದ್ದಂತೆ ತಿಳಿಸುವ ಇಚ್ಛೆಯುಳ್ಳವನ ಶಬ್ದಕ್ಕೆ ಮಾತ್ರ ಆ ಪದವಿ, ಅವನೇ ಆಪ್ತ. ಸೂರತ್ತಿನ ಪಟವೂ ಏಕಸಾಕ್ಷ್ಯ, 2021ರ ಆ ಪುಟವೂ ಏಕಸಾಕ್ಷ್ಯ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ಬೇಕಾದುದು ಆಪ್ತನಾರೆಂಬ ವಿವೇಚನೆ. ಎಣಿಕೆಯಿಂದ ಅದು ಹುಟ್ಟುವುದಿಲ್ಲ. ನೆಲ್ ತನ್ನ ನಂಬಿಕೆಯ ಬದಿಗೆ ಅದರ ಮೂಲವನ್ನಾದರೂ ಬರೆದಿಡುತ್ತಿತ್ತು. ಅನಂತರ ಬಂದ ಬೃಹತ್ ಭಾಷಾಮಾದರಿಗಳು ಓದಿದುದನ್ನೆಲ್ಲ ಕೋಟ್ಯಂತರ ಅಂಕೆಗಳಾಗಿ ಕರಗಿಸಿಕೊಂಡು, ಮುಂದೆ ಬರತಕ್ಕ ಪದವನ್ನು ಊಹಿಸುತ್ತ ವಾಕ್ಯ ಕಟ್ಟುತ್ತವೆ. ಅವುಗಳ ಗದ್ಯ ನೆಲ್ ಕನಸಿನಲ್ಲಿಯೂ ಕಾಣದಷ್ಟು ಸುಲಲಿತ. ಆದರೆ ಇಂಥ ಮಾತನ್ನು ಎಲ್ಲಿ ಓದಿದೆಯೆಂದು ಕೇಳಿದರೆ ಕರಗಿದುದನ್ನು ಮತ್ತೆ ಬೇರ್ಪಡಿಸಲಾಗದು. ಈಚೆಗೆ ಪುಟಗಳನ್ನು ಹುಡುಕಿ ಆಧಾರ ತೋರಿಸುವ ಏರ್ಪಾಡನ್ನು ಅವುಗಳಿಗೆ ಹೊರಗಿನಿಂದ ಜೋಡಿಸಲಾಗುತ್ತಿದೆ. ವಾಗ್ವೈಖರಿ ಬೆಳೆದಂತೆ ಸಾಕ್ಷಿಯ ನೆನಪು ಅಳಿದುದು ಈ ವಿದ್ಯೆಯ ಇತಿಹಾಸದಲ್ಲಿ ಒಂದು ವಿಪರ್ಯಾಸ.

ಇನ್ನು ಕನ್ನಡವು ಯಂತ್ರದ ಮುಂದೆ ಇಟ್ಟಿರುವುದೇನು? 2011ರ ಜನಗಣತಿಯಂತೆ ಕನ್ನಡವನ್ನು ತಾಯಿನುಡಿಯೆಂದು ಹೇಳಿಕೊಂಡವರು ಸುಮಾರು 4.37 ಕೋಟಿ. ಯಂತ್ರಗಳಿಗೆ ಓದಿಸಲು ಬಹಳವಾಗಿ ಬಳಕೆಯಾಗುವ ‘ಕಾಮನ್ ಕ್ರಾಲ್’ ಎಂಬ ಜಾಲಸಂಗ್ರಹದಲ್ಲಾದರೋ ಕನ್ನಡದ ಪಾಲು ನೂರರಲ್ಲಿ ಒಂದರ ಹತ್ತನೆಯ ಭಾಗವನ್ನೂ ಮುಟ್ಟುವುದಿಲ್ಲ. ಇಂಗ್ಲಿಷಿನ ಪಾಲು ನಲವತ್ತಕ್ಕೂ ಮೇಲು. ಇರುವ ಅಷ್ಟರಲ್ಲಿಯೂ ಎರಡು ವಿಕಾರಗಳಿವೆ. ಯೂನಿಕೋಡ್ ಬಳಕೆ ನೆಲೆಗೊಳ್ಳುವ ಮೊದಲು, ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಚ್ಚಕ್ಷರಗಳಲ್ಲಿ ಜೋಡಿಸಿದ ಬರವಣಿಗೆ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ರೋಮನ್ ಅಕ್ಷರಗಳ ಅರ್ಥಹೀನ ಸಾಲು. ಎಷ್ಟೋ ಪತ್ರಿಕೆ, ಎಷ್ಟೋ ಸ್ಮರಣಸಂಚಿಕೆ ಹೀಗೆ ಕನ್ನಡವಾಗಿದ್ದೂ ಕನ್ನಡವಾಗದೆ ಉಳಿದಿದೆ. ಇನ್ನೊಂದು ವಿಕಾರ ಇದಕ್ಕಿಂತ ಕೆಟ್ಟದ್ದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ 2009ರ ಸುಮಾರಿನಿಂದ ಇಂಗ್ಲಿಷ್ ಲೇಖನಗಳನ್ನು ಯಂತ್ರದ ನೆರವಿನಿಂದ ಅನುವಾದಿಸಿ ತುಂಬುವ ಕೆಲಸ ನಡೆಯಿತು. ಅವುಗಳ ಕೃತಕವಾದ ಕನ್ನಡವನ್ನು ತಿದ್ದುವುದು ಅಲ್ಲಿನ ಸ್ವಯಂಸೇವಕರಿಗೆ ದೊಡ್ಡ ಹೊರೆಯಾಯಿತು. ಇಂದು ಯಂತ್ರಾನುವಾದದ ಪುಟಗಳು ಇನ್ನೂ ಹೇರಳ. ಯಂತ್ರವು ಬರೆದ ಕನ್ನಡವನ್ನು ಯಂತ್ರವೇ ಓದಿ ಕನ್ನಡ ಕಲಿತರೆ, ಕುಕಿಯ ಪ್ರಸಂಗದಲ್ಲಿ ಕಂಡ ತಪ್ಪಿನ ವಂಶವೃದ್ಧಿ ಭಾಷೆಯಲ್ಲಿಯೇ ನಡೆದಂತಾಗುತ್ತದೆ.

ಅಹಮದಾಬಾದಿನ ಗುಜರಾತಿಗಳು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಇಟ್ಟವರು. ಗೊಂಡಲದ ಮಹಾರಾಜ ಭಗವತ್‌ಸಿಂಹಜಿಯ ಆಸಕ್ತಿಯಿಂದ ಸಿದ್ಧವಾಗಿ 1944ರಿಂದ 1955ರವರೆಗೆ ಒಂಬತ್ತು ಸಂಪುಟಗಳಲ್ಲಿ ಅಚ್ಚಾದ ಭಗವದ್ಗೋಮಂಡಲ ಕೋಶವು ಇಂದು ಅಂತರ್ಜಾಲದಲ್ಲಿ ಹುಡುಕಿ ಓದಬಹುದಾದ ರೂಪದಲ್ಲಿದೆ. ಅದಕ್ಕೆ ದಾರಿ ಮಾಡಿದುದು 2006ರಲ್ಲಿ ಲೋಕಾರ್ಪಣವಾದ ‘ಗುಜರಾತಿಲೆಕ್ಸಿಕಾನ್’. ಅದರ ಸ್ಥಾಪಕ ರತಿಲಾಲ ಚಂದರಿಯಾ ಅವರು ಹುಟ್ಟಿದುದು ಗುಜರಾತಿನಲ್ಲಲ್ಲ, ನೈರೋಬಿಯಲ್ಲಿ. ಉದ್ಯಮಿಯಾಗಿ ದೇಶದೇಶಗಳಲ್ಲಿ ಬಾಳಿದವರು ತಾಯಿನುಡಿಯ ಪದಗಳನ್ನು ಗಣಕಕ್ಕೆ ಇಳಿಸುವುದರಲ್ಲಿ ಮುಪ್ಪನ್ನು ಕಳೆದರು. ಕನ್ನಡದಲ್ಲಿ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ‘ಅಲರ್’ ಕನ್ನಡ ಇಂಗ್ಲಿಷ್ ನಿಘಂಟು ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳೊಡನೆ 2019ರಲ್ಲಿ ಮುಕ್ತವಾಗಿ ಪ್ರಕಟವಾಯಿತು. ಇವು ಯಂತ್ರಕ್ಕೆ ದೊರೆತ ಆಪ್ತವಾಕ್ಯಗಳು. ಪದಕ್ಕೆ ಹೊಣೆ ಹೊತ್ತವನು ಇಲ್ಲಿ ಇದ್ದಾನೆ.

ವಡೋದರದಲ್ಲಿ 1996ರಲ್ಲಿ ‘ಭಾಷಾ’ ಸಂಶೋಧನ ಕೇಂದ್ರವನ್ನು ಕಟ್ಟಿ, ಅನಂತರ ಧಾರವಾಡದಲ್ಲಿ ನೆಲೆಸಿದ ಗಣೇಶ ದೇವಿಯವರು ನಡೆಸಿದ ಜನಭಾಷಾ ಸಮೀಕ್ಷೆಯು 780 ಭಾಷೆಗಳನ್ನು ಗುರುತಿಸಿತು. ಅವುಗಳಲ್ಲಿ ಬಹುಪಾಲಿಗೆ ಜಾಲದಲ್ಲಿ ಪುಟವೇ ಇಲ್ಲ. ಸಮೀಕ್ಷೆಯವರು ಕೇಳಿದುದು ಆಡುವವರನ್ನು.

ಗುಜರಾತಿನ ಕನ್ನಡಿಗರ ಚರಿತ್ರೆಯನ್ನು ಬರೆಯುವವನಿಗೂ ಆ ಮಾರ್ಗವಲ್ಲದೆ ಬೇರೆಯಿಲ್ಲ. ಉಡುಪಿಯ ಕಡೆಯಿಂದ ಬಂದ ಯು. ಆರ್. ರಾವ್ ಅವರು ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯದಲ್ಲಿ ವಿಕ್ರಮ ಸಾರಾಭಾಯಿಯವರ ಬಳಿ ಸಂಶೋಧನೆ ಮಾಡಿದುದು ಸಾವಿರ ಪುಟಗಳಲ್ಲಿದೆ. ಯಂತ್ರವು ಅದನ್ನು ತಪ್ಪದೆ ಹೇಳೀತು. ಅದೇ ಉಡುಪಿಯ ಸೀಮೆಯಿಂದ ಬಂದು ಸೂರತ್ತಿನ ಬಟ್ಟೆಪೇಟೆಯ ಬದಿಗೆ ಇಡ್ಲಿ ಬೇಯಿಸಿದವನ, ವಡೋದರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಸಂಜೆ ಮಕ್ಕಳಿಗೆ ಕನ್ನಡದ ವರ್ಣಮಾಲೆ ಕಲಿಸಿದವಳ ಸಂಗತಿ ಇರುವುದು ಸಂಘಗಳ ನಡವಳಿಯ ಪುಸ್ತಕಗಳಲ್ಲಿ, ವಾರ್ಷಿಕ ವರದಿಗಳಲ್ಲಿ, ರಾಜ್ಯೋತ್ಸವದ ಸ್ಮರಣಸಂಚಿಕೆಗಳಲ್ಲಿ. ಅದೂ ಒಂದೊಂದೇ ಕಡೆ, ಒಂದೊಂದೇ ಸಲ. ಅವುಗಳ ಛಾಯಾಪ್ರತಿಯನ್ನು ಜಾಲಕ್ಕೆ ಏರಿಸಿದರೆ ಕೆಲಸ ಮುಗಿಯುವುದಿಲ್ಲ. ಚಿತ್ರದಿಂದ ಅಕ್ಷರವನ್ನು ಬಿಡಿಸುವ ಯಂತ್ರವು ಕನ್ನಡದ ಒತ್ತಕ್ಷರಗಳಲ್ಲಿ, ಮಾಸಿದ ಅಚ್ಚಿನಲ್ಲಿ ತಪ್ಪುತ್ತದೆ; ಸಾಲು ಸಾಲನ್ನೂ ಮೂಲದೊಡನೆ ಹೋಲಿಸಿ ನೋಡಬೇಕು. ಯಾರು ಬರೆದರು, ಯಾವ ವರ್ಷ, ಯಾರಿಂದ ಕೇಳಿದುದು ಎಂಬುದನ್ನು ಬದಿಯಲ್ಲಿ ಗುರುತುಮಾಡಬೇಕು. ವಡೋದರದ ಸಂಪಾದಕರು ರಾಮಾಯಣಕ್ಕೆ ಮಾಡಿದ ಕೆಲಸವೇ ಇದು, ಸಣ್ಣ ಪ್ರಮಾಣದಲ್ಲಿ. ಹಳೆಯ ಸಂಚಿಕೆಯ ಗುಂಪುಚಿತ್ರದಲ್ಲಿ ಎಡದಿಂದ ಮೂರನೆಯವರು ಯಾರೆಂದು ಹೇಳಬಲ್ಲವರು ಮೂರು ನಗರಗಳಲ್ಲಿಯೂ ಇನ್ನೂ ಕೆಲವರಿದ್ದಾರೆ. ಅವರ ವಯಸ್ಸು ಎಂಬತ್ತನ್ನು ದಾಟುತ್ತಿದೆ.